ಗುಣವಾಗಬಾರದ ಎಮ್ಮೆ

ಕೆಲವು ಮನೆಗಳಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ, ನಮ್ಮದು ಅಂಥ ಮನೆ. ತಡೆಯಲು ಹೋದಾಗಲೆಲ್ಲ ಇನ್ನೊಂದು ಆಗಿದೆ. ಆದ್ದರಿಂದ ತಡೆಯುವುದು ಬಿಟ್ಟು ಟಿಪ್ಪಣಿ ಬರೆದಿಡತೊಡಗಿದೆ. ಕೆಳಗಿನವು ಒಂದೇ ಎಮ್ಮೆಯಿಂದ ಆದವು.

೧. ಗುಪ್ತಪದ

ಬೆಳಗಾವಿಗೆ ಇಂಟರ್ನೆಟ್ ಹೊಸದಾಗಿ ಬಂದಿತ್ತು. ನಾನು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಬೇರೆ ಕೆಲಸ ಸಿಗುವವರೆಗೆ ಅಂತ, ಮಿಲಿಟರಿಯವರ ಬಡಾವಣೆಯಾದ ಕ್ಯಾಂಪಿನ ಒಂದು ಸೈಬರ್ ಕೆಫೆಯಲ್ಲಿ ಕೂತಿದ್ದೆ. ಮಾಲೀಕರು ನಿವೃತ್ತ ಸುಬೇದಾರರು. ಚಪ್ಪಲಿ ಹೊರಗೆ, ಬೆನ್ನು ನೆಟ್ಟಗೆ, ಮಾತು ಮೆಲ್ಲಗೆ. ಇವು ಅಲ್ಲಿಯ ಮೂರು ನಿಯಮಗಳು.

ಒಂದು ರವಿವಾರ ಖಾನಾಪುರದಿಂದ ಕಾಕಾ ಬಂದ. ಅಪ್ಪನ ತಮ್ಮ. ಚಪ್ಪಲಿ ಹೊರಗೆ ಬಿಟ್ಟ. ಉಳಿದ ಎರಡು ನಿಯಮ ಪಾಲಿಸಲಿಲ್ಲ.

"ತಮ್ಮಾ, ಎಮ್ಮಿ ಕೆಟ್ಟೈತಿ."

"ಏನಾಗೇತ್ರಿ ಕಾಕಾ?"

ಆದದ್ದು ಇಷ್ಟು. ಕಾಕಾನ ಮನೆ ಸ್ಟೇಷನ್ನಿಗೆ ಹತ್ತಿರ. ಮುಂಜಾನೆ ಆರಕ್ಕೊಂದು, ಸಂಜೆ ಆರಕ್ಕೊಂದು ಗಾಡಿ ಸೀಟಿ ಹಾಕಿ ಬರುತ್ತಿತ್ತು. ಎಮ್ಮೆ ಕರುವಾಗಿದ್ದಾಗಿನಿಂದ ಅದನ್ನು ಕೇಳಿಕೊಂಡೇ ಬೆಳೆದಿತ್ತು. ಸೀಟಿ ಆದ ಮೇಲೆಯೇ ಹಾಲು ಬಿಡುತ್ತಿತ್ತು. ಈಗ ಎರಡೂ ಗಾಡಿಗಳ ವೇಳೆ ಬದಲಾಗಿ ಎರಡೂವರೆ ತಾಸು ಮುಂದೆ ಹೋಗಿತ್ತು. ಎಮ್ಮೆಯ ಹಾಲೂ ಅಷ್ಟೇ ಮುಂದೆ ಹೋಗಿತ್ತು.

"ಎಂಟೂವರಿ ತನಕಾ ಮನ್ಯಾಗ ಚಹಾ ಇಲ್ಲ. ನಿಮ್ಮ ಕಾಕು ನನ್ನ ಮಾರಿ ನೋಡವಲ್ಲಳು. ಈ ಪೆಟಗ್ಯಾಗ ಏನರ ಔಷಧ ಐತೇನು ನೋಡು."

ಹುಡುಕಿದೆ. ಎಮ್ಮೆ ಸಾಕುವವರ ಚರ್ಚಾಕೂಟವೊಂದು ಸಿಕ್ಕಿತು. ಇಟಲಿಯವರು, ಬ್ರೆಜಿಲಿನವರು, ಆಸ್ಟ್ರೇಲಿಯಾದವರು ಇದ್ದರು. ಒಬ್ಬರು ಕಷ್ಟ ಬರೆಯುವುದು, ಉಳಿದವರು ಅದರ ಕೆಳಗೆ ಉಪಾಯ ಬರೆಯುವುದು. ಒಳಗೆ ಹೋಗಲು ಸದಸ್ಯನಾಗಬೇಕು.

"ಒಂದು ಗುಪ್ತಪದ ಬೇಕ್ರಿ. ಯಾರಿಗೂ ಗೊತ್ತಾಗಬಾರದು."

ಕಾಕಾ ಹೊಲದಿಂದ ಹೊಲಕ್ಕೆ ಕೂಗುವ ದನಿಯಲ್ಲಿ "ಕಾಶಿ!" ಅಂದ. ಅದು ಎಮ್ಮೆಯ ಹೆಸರು.

"ಸಣ್ಣದಾತು. ಇನ್ನೂ ಉದ್ದ ಬೇಕು."

"ಹಂಗಾರ ಕಾಶವ್ವ ಅಂತ ಬರಿ. ಹೆಂಗೂ ವಯಸ್ಸಾಗೇತಿ."

ಮುಂದಿನ ರವಿವಾರ ಕಾಕಾ ಗುಪ್ತಪದ ಮರೆತು ತಲೆ ಕೆರೆದುಕೊಂಡ. ಮೂಲೆಯ ಪಾರ್ಟಿಶನ್ ಹಿಂದೆ ಯಾರೋ ಮಿಲಿಟರಿಯವರು ಕೂತಿದ್ದರು. ಮುಖ ತೋರಿಸದೆ, ನಿಯಮದ ಪ್ರಕಾರ ಮೆಲ್ಲಗೆ ಹೇಳಿದರು: "ಕಾಶವ್ವ."

೨. ಮಂಡಿ

ಮೊದಲ ಪತ್ರವನ್ನು ಕಾಕಾ ನಿಂತು ಹೇಳಿದ. ಎಲ್ಲ ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ, ನಾವು ಆರಾಮ, ನೀವೂ ಆರಾಮ ಇರಬೇಕು, ಈ ಸಲ ಭತ್ತದ ನಾಟಿ ತಡ ಆತು, ನಿಮ್ಮಲ್ಲಿ ಹೆಂಗ, ತಾಯಿಯವರ ಪ್ರಕೃತಿ ಹೇಗಿದೆ. ಎಮ್ಮೆ ಬರುವ ಹೊತ್ತಿಗೆ ಇಪ್ಪತ್ತು ನಿಮಿಷವಾಗಿತ್ತು. ನಾನು ಇಂಗ್ಲಿಷಿನಲ್ಲಿ ಎರಡು ವಾಕ್ಯ ಬರೆದೆ.

ಕಾಕಾ ತೆರೆಗೆ ಬೆರಳು ಹಚ್ಚಿ ಅಳೆದ. "ನಾ ಹೇಳಿದ್ದು ಎಷ್ಟು, ನೀ ಬರದದ್ದು ಎಷ್ಟು? ಉಳದದ್ದು ಎಲ್ಲಿ ಹೋತು?"

"ಬೇಕಾದ್ದು ಅಷ್ಟ ಐತ್ರಿ."

"ಬೇಕಾದ್ದಷ್ಟ ಬರ್ಯಾಕ ಅದೇನು ಟೆಲಿಗ್ರಾಮ್ ಏನೋ? ಆರಾಮ ಅದೀರೇನು ಅಂತ ಕೇಳದ ಯಾರ ಮನಿಯೊಳಗೂ ನಾ ಕಾಲಿಟ್ಟಿಲ್ಲ. ಪೂರಾ ಬರಿ."

ಪೂರಾ ಬರೆದೆ.

ಮುಂದಿನ ವಾರ ಒಂಬತ್ತು ಉತ್ತರ ಬಂದಿದ್ದವು. ಬ್ರೆಜಿಲಿನವನೊಬ್ಬ ಮಾತ್ರ ಎಮ್ಮೆಯ ಬಗ್ಗೆ ಕೇಳಿದ್ದ. ಇಟಲಿಯವನು, ಈ ಕೂಟದಲ್ಲಿ ಇಷ್ಟು ದಿನದಲ್ಲಿ ಯಾರೂ ತನ್ನ ತಾಯಿಯನ್ನು ವಿಚಾರಿಸಿರಲಿಲ್ಲ ಎಂದು ಶುರು ಮಾಡಿ, ಅವಳ ಎಡಮಂಡಿಯ ಬಗ್ಗೆ ಒಂದು ಪುಟ ಬರೆದಿದ್ದ. ಅದರ ಕೆಳಗೆ ಆಸ್ಟ್ರೇಲಿಯಾದ ಹೆಂಗಸು ತನ್ನ ಎರಡೂ ಮಂಡಿಗಳ ಬಗ್ಗೆ ಬರೆದಿದ್ದಳು. ಕಾಕಾ ಎಲ್ಲರಿಗೂ ಎಳ್ಳೆಣ್ಣೆ ಹೇಳಿದ. ಇಟಲಿಯವನು ಎಳ್ಳೆಣ್ಣೆ ಎಲ್ಲಿ ಸಿಗುತ್ತದೆ ಅಂದ. ಕಾಕಾ ಬೆಳಗಾವಿಯ ರವಿವಾರ ಪೇಟೆಯ ಅಂಗಡಿಯೊಂದಕ್ಕೆ ದಾರಿ ಹೇಳಿದ, ಬಸ್ ಸ್ಟ್ಯಾಂಡಿನಿಂದ. ಅದನ್ನೂ ಬರೆದೆ.

ಮೂರನೆಯ ವಾರ ಕೂಟದ ಮೇಲ್ವಿಚಾರಕರ ಎಚ್ಚರಿಕೆ ಬಂತು. ಇದು ಎಮ್ಮೆಗಳ ಕೂಟ, ಮಂಡಿಗಳಿಗೆ ಬೇರೆ ವಿಭಾಗ ತೆರೆಯಲಾಗಿದೆ, ದಯವಿಟ್ಟು ಅಲ್ಲಿ ಬರೆಯಿರಿ.

ನನಗೆ ನಾಚಿಕೆಯಾಯಿತು. ಕಾಕಾ ಎದೆ ಉಬ್ಬಿಸಿದ. "ನೋಡಿದಿ? ಬಂದು ಮೂರು ವಾರ ಆಗಿಲ್ಲ. ಆಗಲೇ ಒಂದು ಕೋಲಿ ಹೆಚ್ಚಿಗಿ ಕಟ್ಟಿಸಿದೆ."

೩. ಏಳು ಸೆಕೆಂಡ್

ಬ್ರೆಜಿಲಿನವನು ಶಿಸ್ತಿನ ಮನುಷ್ಯ. ನನಗೆ ಹಿಡಿಸಿದ. ಸೀಟಿ ಎಷ್ಟು ಸೆಕೆಂಡ್ ಇರುತ್ತದೆ, ದಪ್ಪವೋ ತೆಳುವೋ ಎಂದು ಕೇಳಿದ್ದ.

"ಎಷ್ಟು ಹೊತ್ತು ಇರತೈತ್ರಿ?" ಅಂದೆ.

ಕಾಕಾ ಬಾಯಿಗೆ ಎರಡೂ ಕೈ ಹಚ್ಚಿ ಸೀಟಿ ಹಾಕಿ ತೋರಿಸಿದ. ಗಡಿಯಾರ ನೋಡಿದೆ, ಆರು ಸೆಕೆಂಡ್. ಒಂದೇ ಅಳತೆ ನಂಬುವಂತಿಲ್ಲ. "ಇನ್ನೆರಡು ಸಲ ಮಾಡ್ರಿ" ಅಂದೆ. ಏಳು. ಎಂಟು. ಸುಬೇದಾರರು ಓಡಿ ಬಂದಾಗ ನಾನು ಸರಾಸರಿ ತೆಗೆಯುತ್ತಿದ್ದೆ.

"ಏನ್ ನಡದೈತಿ ಇಲ್ಲಿ?"

"ಏಳು ಸೆಕೆಂಡ್ ಸರ್."

ಬ್ರೆಜಿಲಿನಿಂದ ಉಪಾಯ ಬಂತು. ಸೀಟಿಯನ್ನು ಟೇಪಿನಲ್ಲಿ ಹಿಡಿದು ಹಳೆಯ ವೇಳೆಗೆ ಎಮ್ಮೆಗೆ ಕೇಳಿಸಿ. ಕಾಕಾ ಟೇಪ್‌ರೆಕಾರ್ಡರ್ ಎತ್ತಿಕೊಂಡು ಪ್ಲಾಟ್‌ಫಾರ್ಮಿಗೆ ಹೋಗಿ ಗಾಡಿಯ ಸೀಟಿ ಹಿಡಿದು ತಂದ. ಅದರ ಬೆನ್ನಿಗೇ ಚಹಾ ಮಾರುವವನ "ಚಾಯ್, ಚಾಯ್, ಗರಂ ಚಾಯ್" ಕೂಡ ಟೇಪಿಗೆ ಬಂದಿತ್ತು.

ಮುಂಜಾನೆ ಆರಕ್ಕೆ ಹಚ್ಚಿದರು. ಎಮ್ಮೆ ಹಾಲು ಬಿಟ್ಟಿತು. ಇಪ್ಪತ್ತು ದಿನ ಸುರಳೀತ ನಡೆಯಿತು. ಆಮೇಲೆ ಯಂತ್ರ ಟೇಪನ್ನು ಕಚ್ಚಿ, ಸೀಟಿ ಇದ್ದ ಭಾಗ ಹಾಳಾಯಿತು. ಉಳಿದದ್ದು ಚಹಾದವನು ಮಾತ್ರ. ಎಮ್ಮೆ ಅವನಿಗೂ ಹಾಲು ಬಿಟ್ಟಿತು. ಇನ್ನೆರಡು ದಿನಕ್ಕೆ ಯಂತ್ರವೇ ನಿಂತಿತು.

ಅಂದಿನಿಂದ ಕಾಕು ದಿನಕ್ಕೆ ಎರಡು ಸಲ ಚರಿಗೆ ಹಿಡಿದು ಗೋದಲಿ ಮುಂದೆ ನಿಂತು "ಚಾಯ್, ಚಾಯ್, ಗರಂ ಚಾಯ್" ಎಂದು ಕೂಗುತ್ತಾಳೆ. ಆರೂ ಒಂದಕ್ಕೆ ಎಮ್ಮೆ ಹಾಲು ಬಿಡುತ್ತದೆ. ಕೂಗು ಮೆತ್ತಗಾದರೆ ಬಿಡುವುದಿಲ್ಲ.

"ಲಗ್ನ ಮಾಡ್ಕೊಂಡು ಬಂದಾಗ ನಿಮ್ಮ ಮನ್ಯಾಗ ಇಂಥಾ ಕೆಲಸ ಐತಿ ಅಂತ ಯಾರೂ ಹೇಳಿರಲಿಲ್ಲ" ಎಂದು ಕಾಕು ನನಗೆ ಹೇಳಿದಳು.

೪. ಹಸಿರು ಗುರುತು

ಸಮಸ್ಯೆ ಮುಗಿದಿತ್ತು. ಕೂಟದ ನಿಯಮ ಸ್ಪಷ್ಟವಿತ್ತು. ಎಮ್ಮೆ ಗುಣವಾದರೆ ಹಾಗೆಂದು ಬರೆಯಬೇಕು. ಮೇಲ್ವಿಚಾರಕರು ಆ ಚರ್ಚೆಗೆ ಹಸಿರು ಗುರುತು ಹಾಕಿ ಮುಚ್ಚುತ್ತಾರೆ. ಆಮೇಲೆ ಅದರಲ್ಲಿ ಯಾರೂ ಬರೆಯುವಂತಿಲ್ಲ. ಹೊಸ ಚರ್ಚೆಗೆ ಹೊಸ ಸಮಸ್ಯೆ ಬೇಕು.

"ಗುಣ ಆತು ಅಂತ ಬರೀಲೇನ್ರಿ?" ಅಂದೆ.

ಕಾಕಾ ನನ್ನ ಕೈ ಹಿಡಿದ. "ಬಾಗಲಾ ಹಾಕ್ತಾರೇನು?"

"ಹೌದ್ರಿ. ಎಮ್ಮಿಗೆ ಬ್ಯಾರೆ ಏನರ ರೋಗ ಐತೇನು?"

ಕಾಕಾ ಬಹಳ ಹೊತ್ತು ಯೋಚಿಸಿದ. "ಇಲ್ಲೋ. ಏನೂ ಇಲ್ಲ ಅದಕ್ಕ." ಎಮ್ಮೆಯ ಮೇಲೆ ಅವನಿಗೆ ಅಷ್ಟು ಬೇಸರವಾದದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಆಮೇಲೆ ಮೆಲ್ಲಗೆ ಮಾತಾಡಿದ. ಕೆಫೆಯಲ್ಲಿ ಅವನು ಮೆಲ್ಲಗೆ ಮಾತಾಡಿದ್ದು ಅದೇ ಮೊದಲು. "ತಮ್ಮಾ, ಖಾನಾಪುರದಾಗ ನಾ ಬಾಯಿ ತಗದ್ರ ಜನ ಎದ್ದು ಹೊಕ್ಕಾರ. ನನ್ನ ಮಾತು ಎಲ್ಲಾರಿಗೂ ಎರಡೆರಡು ಸಲ ಮುಗದಾವು. ಇವ್ರು ಒಂಬತ್ತು ಮಂದಿ, ಒಂದ ವಾರ ನಾ ಬರಲಿಲ್ಲಂದ್ರ 'ಎಲ್ಲಿ ಹೋದ್ರಿ' ಅಂತ ಕೇಳತಾರ. ಎಮ್ಮಿ ಗುಣ ಆಗೂದು ಬ್ಯಾಡ."

ನಾನು ಸುಳ್ಳು ಬರೆಯುವುದಿಲ್ಲ. ಆದರೆ ನಿಜದಲ್ಲಿ ಯಾವುದನ್ನು ಬರೆಯಬೇಕು ಎಂದು ಆರಿಸುವುದಕ್ಕೆ ಅಡ್ಡಿ ಕಾಣಲಿಲ್ಲ. 'ಗಾಡಿ ಇನ್ನೂ ಹೊಸ ವೇಳೆಗೇ ಬರುತ್ತಿದೆ' ಎಂದು ಬರೆದೆ. ನೂರಕ್ಕೆ ನೂರು ನಿಜ.

ಎಂಟು ಜನ ಮರುಗಿ ಬರೆದರು. ಆಸ್ಟ್ರೇಲಿಯಾದ ಹೆಂಗಸು ಮಾತ್ರ ಏನೂ ಬರೆಯಲಿಲ್ಲ. ಅವಳು ಬೇರೆ ಕಡೆ ಬರೆಯುತ್ತಿದ್ದಾಳೆ ಎಂದು ನಮಗೆ ತಿಳಿಯಲಿಲ್ಲ.

೫. ಸ್ಟೇಷನ್ ಮಾಸ್ತರರು

ತಿಂಗಳಾದ ಮೇಲೆ ಖಾನಾಪುರದ ಸ್ಟೇಷನ್ ಮಾಸ್ತರರಿಗೆ ಆಸ್ಟ್ರೇಲಿಯಾದಿಂದ ಲಕೋಟೆ ಬಂತು. ಒಳಗೆ ಎರಡು ಪುಟದ ಪತ್ರ, ಜೊತೆಗೆ ಅವಳ ಎಮ್ಮೆಯ ಫೋಟೋ. ನಿಮ್ಮ ಊರಿನ ಒಂದು ಎಮ್ಮೆಯ ನೆಮ್ಮದಿಗಾಗಿ ಗಾಡಿಯನ್ನು ದಯವಿಟ್ಟು ಹಳೆಯ ವೇಳೆಗೆ ಬಿಡಿ ಎಂಬುದು ಸಾರಾಂಶ.

ಮಾಸ್ತರರು ಸಂಭಾವಿತರು. ವೇಳಾಪಟ್ಟಿ ಬದಲಿಸುವುದು ತಮ್ಮ ಕೈಯಲ್ಲಿಲ್ಲ ಎಂದು ತಿಳಿಸಲು ಖುದ್ದಾಗಿ ಕಾಕಾನ ಮನೆಗೆ ಬಂದರು. ಅದು ಶನಿವಾರ. ರಜೆ ಹಾಕಿ ಹೋಗಿದ್ದ ನಾನೂ ಅಲ್ಲಿದ್ದೆ. ಹೊತ್ತು ಸಂಜೆ ಆರಕ್ಕೆ ಎರಡು ನಿಮಿಷ.

"ಪರದೇಶದಿಂದ ಪತ್ರ ಬಂದೈತ್ರಿ. ನಿಮ್ಮ ಎಮ್ಮಿ ಹಾಲು ಕೊಡವಲ್ದಂತ?"

"ಏನ್ ಹೇಳೂದ್ರಿ ಮಾಸ್ತರ್ರ" ಎಂದು ಕಾಕಾ ತಲೆ ತಗ್ಗಿಸಿದ. "ಒಂದು ಹನಿ ಇಲ್ಲ."

ಅಷ್ಟರಲ್ಲಿ ಹಿತ್ತಲಿನಿಂದ ದೊಡ್ಡ ದನಿ ಬಂತು: "ಚಾಯ್! ಚಾಯ್! ಗರಂ ಚಾಯ್!"

ಮಾಸ್ತರರು ಎದ್ದು ಹೊರಟಿದ್ದವರು ಮತ್ತೆ ಕೂತರು. "ಅಯ್ಯ, ಇಷ್ಟ್ಯಾಕ ತ್ರಾಸ ತಗೋತೀರಿ? ಅರ್ಧ ಕಪ್ ಸಾಕ್ರಿ."

ಹತ್ತು ನಿಮಿಷಕ್ಕೆ ಕಾಕು ತುಂಬಿದ ಚರಿಗೆಯೊಂದಿಗೆ ಒಳಗೆ ಬಂದಳು. ಹಾಲಿನ ಮೇಲೆ ನೊರೆ ಇನ್ನೂ ಹಾಗೇ ಇತ್ತು. ಮಾಸ್ತರರು ಚರಿಗೆ ನೋಡಿದರು, ಕಾಕಾನನ್ನು ನೋಡಿದರು, ಪತ್ರ ನೋಡಿದರು. "ಹಾಲು ಯಾರ ಮನೀದ್ರಿ?"

"ಕಡ ತಂದದ್ದು" ಅಂದ ಕಾಕಾ.

"ಯಾರ ಕಡೆಯಿಂದ?" ಅಂದಳು ಕಾಕು.

ಕಾಕಾ ನನ್ನನ್ನು ನೋಡಿದ. ನಾನು ಹೊರಗೆ ಹೋಗಿ ಎಮ್ಮೆಯನ್ನು ನೋಡಿದೆ. ಮನೆಯಲ್ಲಿ ನೆಮ್ಮದಿಯಿಂದ ಇದ್ದದ್ದು ಅದೊಂದೇ.

೬. ಕಾಕು

ಮರುದಿನ ರವಿವಾರ ಇಬ್ಬರೂ ಕ್ಯಾಂಪಿಗೆ ಬಂದರು. ಮುಂದೆ ಕಾಕು, ಹಿಂದೆ ಕಾಕಾ. ಕಾಕು ಚಪ್ಪಲಿ ಹೊರಗೆ ಬಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತು, ಮೆಲ್ಲಗೆ ಹೇಳಿದಳು. ಸುಬೇದಾರರು ಎದ್ದು ನಿಂತು ಅವಳಿಗೆ ಫ್ಯಾನ್ ತಿರುಗಿಸಿದರು.

"ಬರಿಯಪ್ಪಾ. ಎಮ್ಮಿ ಗುಣ ಆಗೇತಿ. ಎರಡೂ ಹೊತ್ತು ಮೂರು ಮೂರು ಲೀಟರ್ ಕೊಡತೈತಿ. ಚಾಯ್ ಅಂತ ಒದರಬೇಕು, ಅಷ್ಟ."

"ಕಾಕು, ಬಾಗಲಾ ಹಾಕ್ತಾರ" ಅಂದೆ.

"ಹಾಕಲಿ. ಆ ಹೆಣ್ಣಮಗಳು ಖರೇ ಅಂತ ತಿಳದು ಪತ್ರಾ ಬರದಾಳ."

ಬರೆದೆ. ಮುಕ್ಕಾಲು ಗಂಟೆಯಲ್ಲಿ ಹಸಿರು ಗುರುತು ಬಿತ್ತು. ಕಾಕಾ ತೆರೆಯನ್ನು ನೋಡುತ್ತ ಕೂತ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಕಾಕಾ ಮಾತಾಡದಿದ್ದರೆ ನೋಡಲಾಗುವುದಿಲ್ಲ. ಕಾಕುಗೂ ಆಗಲಿಲ್ಲ.

"ಈಗ ನನ್ನ ಹೆಸರು ಹಚ್ಚು" ಅಂದಳು.

ಗುಪ್ತಪದ ಕೇಳಿದೆ. ನನ್ನನ್ನು ಆಚೆ ಮುಖ ಮಾಡಿಸಿ, ಒಂದೊಂದೇ ಅಕ್ಷರ ಹುಡುಕಿ ತಾನೇ ಒತ್ತಿದಳು. ಕ್ಯಾಂಪಿನಲ್ಲಿ ಇವತ್ತಿನವರೆಗೂ ಅದು ಯಾರಿಗೂ ಗೊತ್ತಿಲ್ಲ.

"ಹೊಸಾ ಚರ್ಚಾ ತಗಿ. ಎಮ್ಮಿ ಆರಾಮ ಐತಿ. ಎಮ್ಮೀ ಮಾಲಕರು ಕೆಟ್ಟಾರ. ಮನ್ಯಾಗ ನಿಲ್ಲಂಗಿಲ್ಲ, ರವಿವಾರ ಆತಂದ್ರ ಬೆಳಗಾವಿಗೆ ಓಡತಾರ. ನಾಕ ಮಂದ್ಯಾಗ ಸುಳ್ಳ ಹೇಳತಾರ. ಉಪಾಯ ಇದ್ರ ತಿಳಸ್ರಿ."

ಇದು ಎಮ್ಮೆಯ ವಿಷಯ ಹೇಗಾಗುತ್ತದೆ ಎಂದು ಮೇಲ್ವಿಚಾರಕರು ಕೇಳಿದರು. "ಹುಲ್ಲು ಹಾಕೋರು ಯಾರು ಅಂತ ಕೇಳು" ಅಂದಳು ಕಾಕು. ಒಪ್ಪಿದರು.

ಮುಂದಿನ ವಾರ ಬಂದು ನೋಡಿದರೆ ಇಪ್ಪತ್ತಮೂರು ಉತ್ತರ. ಕೂಟದವರಿಗೆ ತಿಳಿದದ್ದು ಒಂದೇ ಪದ್ಧತಿ. ಅದರಂತೆಯೇ ಕೇಳಿದ್ದರು. ನಾನು ಓದುತ್ತ ಹೋದೆ, ಕಾಕು ಉತ್ತರ ಹೇಳುತ್ತ ಹೋದಳು. ಕಾಕಾ ನಡುವೆ ಕೂತಿದ್ದ.

"ವಯಸ್ಸೆಷ್ಟು ಅಂತ ಇಟಲಿಯವರು ಕೇಳ್ಯಾರ."

"ಐವತ್ತೆಂಟು."

"ಮೇವು ಸರಿಯಾಗಿ ತಿಂತಾರೇನು?"

"ಅದರಾಗೇನೂ ಕಡಿಮಿ ಇಲ್ಲ."

"ಕೊಟಗಿ ಬದಲಿಸಿ ನೋಡೀರೇನು?"

"ಈ ವಯಸ್ಸಿನ್ಯಾಗ ಯಾರು ಕಟ್ಟಿಕೊಳ್ಳತಾರಪ್ಪಾ?"

ಕೊನೆಗೆ ಬ್ರೆಜಿಲಿನವನು. "ಯಾವುದರ ಸಪ್ಪಳಕ್ಕ ಓಡಿ ಬರ್ತಾರೇನು?"

ಕಾಕು ಯೋಚಿಸಲಿಲ್ಲ. "ಚಾಯ್ ಅಂದ್ರ ಬರ್ತಾರ."

ನಾನು ಹಳೆಯ ಟಿಪ್ಪಣಿ ತೆಗೆದು ಹೋಲಿಸಿದೆ. ಎರಡೂ ಪ್ರಕರಣಗಳ ಲಕ್ಷಣ ಒಂದೇ.

ಈಗ ಪ್ರತಿ ರವಿವಾರ ಇಬ್ಬರೂ ಬರುತ್ತಾರೆ. ಆಸ್ಟ್ರೇಲಿಯಾದ ಹೆಂಗಸು ತನ್ನ ಗಂಡನದ್ದೂ ಇದೇ ರೋಗ ಎಂದು ಬರೆದ ಮೇಲೆ ಕಾಕು ಒಂದು ವಾರವೂ ತಪ್ಪಿಸಿಲ್ಲ. ಸುಬೇದಾರರು ಅವಳ ಕುರ್ಚಿಯಲ್ಲಿ ಬೇರೆ ಯಾರನ್ನೂ ಕೂಡಿಸುವುದಿಲ್ಲ.

ಹೋದ ವಾರ ಕಾಕಾ ಎಲ್ಲ ಉಪಾಯಗಳನ್ನೂ ಕೇಳಿಸಿಕೊಂಡು, ಮನಸ್ಸು ಗಟ್ಟಿ ಮಾಡಿ ಹೇಳಿದ: "ಏನಽ, ಸಾಕಾತು. ಇನ್ನ ನಾ ಎಲ್ಲಿಗೂ ಓಡಂಗಿಲ್ಲ, ಸುಳ್ಳ ಹೇಳಂಗಿಲ್ಲ. ಮನ್ಯಾಗ ಇರ್ತೇನಿ. ಗುಣ ಆದ್ರು ಅಂತ ಬರಸಿಬಿಡು."

ಕಾಕು ಗಾಬರಿಯಾಗಿ ಅವನ ಬಾಯಿಗೆ ಕೈ ಅಡ್ಡ ಹಿಡಿದಳು.

"ಮೆಲ್ಲಕ ಮಾತಾಡ್ರಿ! ಬಾಗಲಾ ಹಾಕ್ಯಾರು! ನೀವು ಇನ್ನೂ ಗುಣ ಆಗಿಲ್ಲ, ಸುಮ್ಮನ ಕುಂದರ್ರಿ."