ಉಯಿಲು ಓದುವ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನನ್ನು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಿ, ಸಾವಿನ ಮನೆಗೆ ಮಾತ್ರ ಬೇಡ! ಅಳುತ್ತಿರುವವರ ಪಕ್ಕದಲ್ಲೇ ಕೂತು, ಗಂಟಲು ಸರಿಮಾಡಿಕೊಂಡು, ಬಹಳ ಮೃದುವಾಗಿ ಕೇಳುತ್ತಾರೆ: "ಉಯಿಲು ಬರೆದಿದ್ದರಾ?"

ಅಹಮದಾಬಾದಿನ ನರೋಡಾದಲ್ಲಿ ಅವರ ಜೊತೆ ಕಾರ್ಖಾನೆಯಲ್ಲಿ ದುಡಿದವರೊಬ್ಬರು ತೀರಿಕೊಂಡಾಗಲೂ ಹೀಗೇ ಕೇಳಿಬಿಟ್ಟರು. ಹೊರಡುವಾಗ ಆ ಮನೆಯ ಇಬ್ಬರು ಗಂಡುಮಕ್ಕಳೂ ನಮ್ಮ ಜೊತೆ ಗೇಟಿನವರೆಗೂ ಬಂದರು. ಮರ್ಯಾದೆಗೆ ಅಂದುಕೊಂಡಿರಾ? ನಾವು ನಿಜವಾಗಿಯೂ ಹೊರಟೆವೋ ಇಲ್ಲವೋ ಎಂದು ನೋಡಲು!

ನಿವೃತ್ತಿಯಾದ ಮೇಲೆ ಒಬ್ಬೊಬ್ಬರು ಒಂದೊಂದು ಹುಚ್ಚು ಹಚ್ಚಿಕೊಳ್ಳುತ್ತಾರೆ. ಚಿಕ್ಕಪ್ಪ ವಂಶವೃಕ್ಷ ಬರೆಯುತ್ತೇನೆಂದು ಹೊರಟು, ಕೋರ್ಟು ಕಚೇರಿಗಳಲ್ಲಿ ಧೂಳು ಹಿಡಿದು ಬಿದ್ದಿರುವ ಹಳೆಯ ಉಯಿಲುಗಳಿಗೆ ಗಂಟುಬಿದ್ದರು. "ಬದುಕಿರುವವರನ್ನು ಕೇಳಿ ಎಂತ ಪ್ರಯೋಜನ ಮಾರಾಯ್ತಿ? ಅರ್ಧ ಮರೆತಿರ್ತಾರೆ, ಅರ್ಧ ಮುಚ್ಚಿಡ್ತಾರೆ. ಉಯಿಲಿನಲ್ಲಿ ಉಂಟು ನೋಡು ನಿಜ" ಎನ್ನುತ್ತಾರೆ.

"ನಾನು ಹೇಳಿದ್ದು ಒಂದೂ ಇವರ ಕಿವಿಗೆ ಹೋಗುದಿಲ್ಲ" ಎನ್ನುವುದು ಚಿಕ್ಕಮ್ಮನ ಗೋಳು. "ಎಲ್ಲ ಉಯಿಲಿನಲ್ಲಿ ಬರೆದಿಟ್ಟು ಸಾಯ್ತೇನೆ. ಆಗ ಎರಡೆರಡು ಸಲ ಓದ್ತಾರೆ!"

ಇಷ್ಟಕ್ಕೂ ಚಿಕ್ಕಪ್ಪ ಹುಡುಕುತ್ತಿದ್ದದ್ದು ಒಂದೇ ಉಯಿಲನ್ನು. ನಮ್ಮ ಅಜ್ಜ, ಅಂದರೆ ಚಿಕ್ಕಪ್ಪನ ಅಪ್ಪ, ಹುಡುಗನಾಗಿದ್ದಾಗ ತನ್ನ ಅಣ್ಣನ ಜೊತೆ ಉಡುಪಿ ಕಡೆಯಿಂದ ಸೂರತ್ತಿಗೆ ಬಂದವರು. ಇಬ್ಬರೂ ಸೇರಿ ಹೋಟೆಲಿಟ್ಟರು. ಗಿರಾಕಿಗಳಿಗೆ ಸಿಹಿ ಇಷ್ಟವೆಂದು ಆ ಅಣ್ಣ, ನಮ್ಮ ದೊಡ್ಡಜ್ಜ, ಸಾಂಬಾರಿಗೆ ಬೆಲ್ಲ ಹೆಚ್ಚಿಸುತ್ತಾ ಹೋದರು. "ಇದು ಸಾಂಬಾರಾ, ಪಾಯಸವಾ?" ಎಂದು ಅಜ್ಜ ಸೌಟು ಎಸೆದು ಅಹಮದಾಬಾದಿಗೆ ಬಂದು ಬೇರೆ ಹೋಟೆಲಿಟ್ಟರು. ಇಲ್ಲಿನ ಗಿರಾಕಿಗಳಿಗೂ ಅದೇ ಬೆಲ್ಲ ಬೇಕಾಯಿತೆನ್ನುವುದು ಬೇರೆ ಮಾತು! ಅಣ್ಣತಮ್ಮಂದಿರು ಮತ್ತೆಂದೂ ಒಬ್ಬರ ಮುಖ ಒಬ್ಬರು ನೋಡಲಿಲ್ಲವೆಂದು ಕೇಳಿಯೇ ನಾವೆಲ್ಲ ಬೆಳೆದವರು.

"ದೊಡ್ಡಪ್ಪ ಆಸ್ತಿ ಕೊಡುದು ಬೇಡ. ಅಪ್ಪನ ಹೆಸರು ಒಂದು ಕಡೆ ಬರೆದಿದ್ರೆ ಸಾಕು" ಎನ್ನುತ್ತಿದ್ದರು ಚಿಕ್ಕಪ್ಪ.

ದೊಡ್ಡಜ್ಜ ಕಡೆಗಾಲದಲ್ಲಿ ವಡೋದರದಲ್ಲಿದ್ದರೆಂದು ಯಾರೋ ಹೇಳಿದ್ದೇ ತಡ, ಅಹಮದಾಬಾದಿನ ಬೋಪಾಲ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದು ನನ್ನನ್ನೂ ನನ್ನ ಕಾರನ್ನೂ ಹೊರಡಿಸಿದರು. ಅಲ್ಲಿನ ಕೋರ್ಟಿನಲ್ಲಿ ಹೆಸರು ಹೇಳಿ, ಅರ್ಜಿ ಕೊಟ್ಟು, ಅಲೆದು, ಅಂತೂ ಒಂದು ಉಯಿಲಿನ ನಕಲು ಕೈಗೆ ಬಂತು. ಎರಡನೆಯ ಪುಟದಲ್ಲಿ ಎರಡು ಒಂಟೆಗಳು ಬಂದವು. ನಮ್ಮ ವಂಶದಲ್ಲಿ ಒಂಟೆ ಕಟ್ಟಿದವರು ಯಾರಿದ್ದಾರೆ ಹೇಳಿ! ಅದೇ ಹೆಸರಿನ ಇನ್ಯಾರೋ ಪುಣ್ಯಾತ್ಮ. ಆದರೆ ಚಿಕ್ಕಪ್ಪ ಬಿಡುತ್ತಾರೆಯೇ? ಕೊನೆಯ ಸಾಲಿನವರೆಗೂ ಓದಿದರು. "ಹಿರಿಯ ಮಗನಿಗೆ ಒಂದು ಒಂಟೆಯಾದ್ರೂ ಕೊಡ್ಬಹುದಿತ್ತು!" ಎಂದು ವಾಪಸು ಬರುವಾಗ ಆಣಂದ್ ದಾಟುವವರೆಗೂ ಸಂಕಟಪಟ್ಟರು.

ಆಮೇಲೆ ಸೂರತ್. ಅಲ್ಲಿನ ಗುಮಾಸ್ತರು, "ಕಾಕಾ, ಆಸ್ತಿಯಲ್ಲಿ ಪಾಲು ಕೇಳೋದಿದೆಯಾ?" ಎಂದು ಗುಜರಾತಿಯಲ್ಲಿ ವಿಚಾರಿಸಿದರು.

"ಇಲ್ಲ ಭಾಯಿ, ಸುಮ್ಮನೆ ಓದ್ಲಿಕ್ಕೆ!"

ಅವರು ಕನ್ನಡಕ ತೆಗೆದು ಚಿಕ್ಕಪ್ಪನನ್ನು ಮೇಲಿನಿಂದ ಕೆಳಗೆ ನೋಡಿದರು. ಬಹುಶಃ ಅಂಥ ಅರ್ಜಿದಾರ ಆ ಕಚೇರಿಗೆ ಬಂದದ್ದು ಅದೇ ಮೊದಲು.

ಈ ಸಲ ಒಂಟೆ ಇರಲಿಲ್ಲ. ದೊಡ್ಡಜ್ಜನದೇ ಉಯಿಲು, ಅವರು ತೀರಿಕೊಂಡ ಮೇಲೆ ಕೋರ್ಟು ಒಪ್ಪಿ ಮೊಹರು ಹಾಕಿದ್ದು. ಕಾರಿಡಾರಿನ ಬೆಂಚಿನಲ್ಲಿ ಕೂತು ಚಿಕ್ಕಪ್ಪ ಗುಜರಾತಿ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದರು. ಹೆಂಡತಿಗೆ ಮನೆ, ಮಗಳಿಗೆ ಹೋಟೆಲು, ಹಳೆಯ ಅಡುಗೆ ಭಟ್ಟರಿಗೆ ಇರಲು ಕೋಣೆ, ದೇವಸ್ಥಾನದ ದೀಪಕ್ಕೆ ಎಣ್ಣೆ. ತಮ್ಮನ ಹೆಸರು ಎಲ್ಲೂ ಇಲ್ಲ.

"ಹೋಗುವ" ಎಂದರು. ಅವರ ಮುಖ ನೋಡಲಾಗಲಿಲ್ಲ. ನೋಡಬಾರದೆಂದೇ ನಾನು ಕಾಗದ ತೆಗೆದುಕೊಂಡು ಕೊನೆಯ ಪುಟ ತಿರುಗಿಸಿದೆ. ಸಾಕ್ಷಿಗಳ ಸಹಿಗಳು. ಒಂದು ಗುಜರಾತಿಯಲ್ಲಿ. ಅದರ ಕೆಳಗೆ, ಓರೆಯಾಗಿ, ಕನ್ನಡದಲ್ಲಿ, ಅಜ್ಜನ ಹೆಸರು!

"ಚಿಕ್ಕಪ್ಪ, ಸಾಕ್ಷಿ ಹಾಕುವವರು ಬರೆಸಿದವರ ಎದುರೇ ಇರಬೇಕಲ್ವಾ?"

"ಎದುರೇ ಕೂತು ಹಾಕ್ಬೇಕು" ಎಂದವರು ಕಾಗದ ಕಿತ್ತುಕೊಂಡರು. ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಅಪ್ಪ ಇಲ್ಲಿಗೆ ಬಂದಿದ್ರು ಮಾರಾಯ್ತಿ. ನಮ್ಗೆ ಯಾರಿಗೂ ಹೇಳ್ಲೇ ಇಲ್ಲ."

ದೊಡ್ಡಜ್ಜನ ಹೋಟೆಲು ಇನ್ನೂ ನಡೆಯುತ್ತಿತ್ತು. ಇಷ್ಟು ವರ್ಷ ಸೂರತ್ತಿಗೆ ಬಂದಾಗೆಲ್ಲ ಆ ರಸ್ತೆಯನ್ನೇ ತಪ್ಪಿಸಿ ಹೋಗುತ್ತಿದ್ದ ಚಿಕ್ಕಪ್ಪ ಅಂದು ನನಗಿಂತ ಮುಂದೆ ನಡೆದರು. ಗಲ್ಲಾಪೆಟ್ಟಿಗೆಯ ಹಿಂದೆ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು, ದೊಡ್ಡಜ್ಜನ ಮಗಳು. ಸಾವಿನ ಮನೆಯಲ್ಲೂ ಬಾಯಿ ಬಿಡುವ ಮನುಷ್ಯ ಈಗ ನನ್ನನ್ನು ಮುಂದೆ ತಳ್ಳಿದರು. ನಾವು ಯಾರೆಂದು ನಾನೇ ಹೇಳಿ, ಸಹಿ ತೋರಿಸಿದೆ.

ಅವರು ಅದರ ಮೇಲೆ ಬೆರಳಾಡಿಸಿದರು.

"ಈ ಕಾಕಾ ಬಂದ ದಿನ ನೆನಪುಂಟು ನಂಗೆ. ನಾನು ಶಾಲೆಗೆ ಹೋಗ್ತಿದ್ದೆ. ಅಪ್ಪನಿಗೆ ಎದ್ದು ನಿಲ್ಲಿಕ್ಕೂ ಆಗ್ತಿರ್ಲಿಲ್ಲ. ಆದ್ರೂ ಒಳಗೆ ಹೋಗಿ ತಾನೇ ದೋಸೆ ಹೊಯ್ದು ತಂದ್ರು. ಮಾತು ಎಂತದೂ ಇಲ್ಲ. ಕಾಕಾ ತಿಂದ್ರು, ಅಪ್ಪ ನೋಡ್ತಾ ಕೂತ್ರು. ಬಸ್, ಅಷ್ಟೇ." ಚಿಕ್ಕಪ್ಪನ ಕಡೆ ತಿರುಗಿ ಕೇಳಿದರು: "ಮತ್ತೆ ಯಾಕೆ ನೀವ್ಯಾರೂ ಬರ್ಲಿಲ್ಲ?"

"ಗೊತ್ತೇ ಇರ್ಲಿಲ್ಲ ಅಕ್ಕ" ಎಂದರು ಚಿಕ್ಕಪ್ಪ. ಬರೀ ಗಂಡುಮಕ್ಕಳೇ ಇದ್ದ ಮನೆಯಲ್ಲಿ ಹುಟ್ಟಿದ ಅವರು ಯಾರನ್ನಾದರೂ ಅಕ್ಕ ಎಂದು ಕರೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ದೊಡ್ಡಜ್ಜನ ಮಗಳು ಒಳಗಿನವರಿಗೆ ದೋಸೆ ಹೇಳಲು ಬಾಯಿ ತೆರೆದವರು ಹಾಗೇ ನಿಲ್ಲಿಸಿದರು. ಆಮೇಲೆ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ, ಮಂಡಿ ಹಿಡಿದುಕೊಂಡು ಎದ್ದು, ತಾವೇ ಅಡುಗೆಮನೆಯ ಕಡೆ ನಡೆದರು.