ಅಮೃತೇಶನ ಪುಕ್ಕಟೆ ಸಫಾರಿ

ಕಾಡು ನೋಡಲು ದುಡ್ಡು ಕೊಡುವವನಂಥ ದಡ್ಡ ಮೂರು ಲೋಕದಲ್ಲೂ ಇಲ್ಲವೆಂದು ನಂಜನಗೂಡಿನ ಹಾರ್ಡ್‌ವೇರ್ ಅಂಗಡಿಯ ಅಮೃತೇಶನು ಒಂದು ಭಾನುವಾರ ಇಡ್ಲಿಯ ಮುಂದೆ ಕುಳಿತು ಘೋಷಿಸಿದನು. ಗುಂಡ್ಲುಪೇಟೆ ದಾಟಿದರೆ ಊಟಿ ರಸ್ತೆಯೇ ಕಾಡಿನ ನಡುವೆ ಹಾಯುತ್ತದೆ. ರಸ್ತೆ ಸರ್ಕಾರದ್ದು, ಕಾರು ತನ್ನದು, ಪ್ರಾಣಿಗಳು ದೇವರವು. ಇದರಲ್ಲಿ ಸಫಾರಿ ಟಿಕೆಟ್ಟು ಎಲ್ಲಿಂದ ಬಂತು?

ಹಣಕಾಸು ಮಂತ್ರಿಯ ಗತ್ತಿನಲ್ಲಿ ಆಯವ್ಯಯವೂ ಮಂಡನೆಯಾಯಿತು. ಊಟಕ್ಕೆ ತಾಯಿ ಮಂಗಳಮ್ಮನವರ ಚಿತ್ರಾನ್ನ. ವಸತಿಗೆ ಗೂಡಲೂರಿನಲ್ಲಿ ಹೆಂಡತಿ ಅರ್ಪಿತಳ ತಂಗಿ ನಂದಿತಾಳ ಮನೆ. ಗೈಡಿನ ಬದಲು ಸ್ವಂತ ಕಣ್ಣು. ಪೆಟ್ರೋಲೊಂದೇ ಖರ್ಚು, ಅದನ್ನೂ ಕಡಿತ ಮಾಡಲು ಇಳಿಜಾರಿನಲ್ಲಿ ಎಂಜಿನ್ ಆರಿಸಿಬಿಡುವ ಲೆಕ್ಕ ಹಾಕಿದ್ದನು.

ನಂದಿತಾ ತುಂಬಿದ ಬಸುರಿ. ತವರು ಬನ್ನೂರಿನ ಕಬ್ಬು ತಿನ್ನಬೇಕೆಂದು ಫೋನಿನಲ್ಲಿ ಬಾಯಿಬಿಟ್ಟು ಕೇಳಿದ್ದಳು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆಂದು ಮಂಗಳಮ್ಮ ಖಡಾಖಂಡಿತವಾಗಿ ಹೇಳಿದರು. ಬನ್ನೂರಿನ ಗದ್ದೆಯಿಂದ ಒಂದು ಹೊರೆ ಕಬ್ಬು ಬಂದಿತು, ಅದೂ ಪುಕ್ಕಟೆಯಾಗಿ. ಅಮೃತೇಶನು ಹಿಗ್ಗಿ, ತನ್ನ ಅಂಗಡಿಯ ಗಟ್ಟಿ ಹಗ್ಗದಿಂದಲೇ ಅದನ್ನು ಕಾರಿನ ನೆತ್ತಿಗೆ ಬಿಗಿದನು. ಸಾಲದೆಂದು ಹಿಂದಿನ ಸೀಟು ಹಿಡಿದ ಮಂಗಳಮ್ಮ ಮಡಿಲಲ್ಲಿ ಒಂದು ಚಿಪ್ಪು ರಸಬಾಳೆಹಣ್ಣನ್ನೂ ಇಟ್ಟುಕೊಂಡರು. ಆನೆಯ ಕಾಡಿಗೆ ಕಬ್ಬು, ಬಾಳೆಹಣ್ಣು ಹೊತ್ತು ಹೊರಟಿದ್ದೇವೆಂಬುದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಕಾಡಿನೊಳಗೆ ಮೊದಲು ಜಿಂಕೆಗಳು ಕಂಡವು. "ನೋಡಿದ್ಯಾ, ಒಂದು ಪೈಸೆ ಇಲ್ಲ" ಎಂದು ಅಮೃತೇಶನು ಬೀಗಿದನು. ಬೀಗಿ ಮುಗಿಯುವಷ್ಟರಲ್ಲಿ ಲಂಟಾನ ಪೊದೆ ಅಲ್ಲಾಡಿ, ಒಂದು ಸಲಗ ರಸ್ತೆಯ ನಟ್ಟನಡುವೆ ಬಂದು ನಿಂತಿತು. ಸೊಂಡಿಲನ್ನು ಗಾಳಿಗೆತ್ತಿ ಮೂಸಿತು. ಆಮೇಲೆ ಮದುವೆಮನೆಯ ಹಿರಿಯರು ಪಂಕ್ತಿಯತ್ತ ನಡೆಯುವಂತೆ, ಅವಸರವಿಲ್ಲದೆ, ಕಾರಿನತ್ತ ನಡೆದು ಬಂದಿತು.

ಅಮೃತೇಶನು ರಿವರ್ಸ್ ಗೇರ್ ಎಂದು ಎಳೆದದ್ದು ಇನ್ಯಾವುದೋ ಗೇರಾಗಿ ಎಂಜಿನ್ ನಿಂತಿತು. ಕೀಲಿ ತಿರುಗಿಸುವ ಬದಲು ವೈಪರ್ ಹಾಕಿದನು. ಮಳೆಯಿಲ್ಲದ ಗಾಜನ್ನು ಅದು ಕಿರ್ ಕಿರ್ ಎಂದು ಒರೆಸತೊಡಗಿತು.

"ಹಾರ್ನಾದ್ರೂ ಹೊಡೀರಿ" ಎಂದಳು ಅರ್ಪಿತ, ಉಸಿರಿನಲ್ಲೇ.

"ಸುಮ್ನಿರೇ. ಅದಕ್ಕೆ ಕೋಪ ಬಂದ್ರೆ?"

ನೆತ್ತಿಯ ಮೇಲೆ ಹಗ್ಗ ಫಟ್ಟೆಂದು ಹರಿಯಿತು. ತನ್ನ ಅಂಗಡಿಯ ಹಗ್ಗವನ್ನು ಆನೆ ಎಳೆದರೂ ಹರಿಯದೆಂದು ಗಿರಾಕಿಗಳಿಗೆ ಹೇಳುತ್ತಿದ್ದವನು ಅವನೇ. ಕಾರು ತೊಟ್ಟಿಲಿನಂತೆ ತೂಗಿತು. ಕಬ್ಬು ಮುರಿಯುವ ಪ್ರತಿಯೊಂದು ಲಟಕ್ ಸದ್ದಿಗೂ ಅವನಿಗೆ ತನ್ನ ಮೂಳೆಯೇ ಮುರಿದಂತಾಯಿತು. ಕಣ್ಣು ಮುಚ್ಚಿ, ಬದುಕಿ ಉಳಿದರೆ ನಂಜುಂಡೇಶ್ವರನಿಗೆ ಉರುಳುಸೇವೆ ಮಾಡುತ್ತೇನೆಂದು ಹರಕೆ ಹೊತ್ತನು. ಹಿಂದಿನ ಸೀಟಿನ ಕಡೆ ಗಾಜು ಸರಿದ ಸದ್ದಾಯಿತು. ಬಿಸಿ ಉಸಿರೊಂದು ಒಳಕ್ಕೆ ನುಗ್ಗಿತು. ಅವ್ವನ ಕಥೆ ಮುಗಿಯಿತೆಂದುಕೊಂಡನು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಕಣ್ಣು ತೆರೆದಾಗ ಆನೆ ಕಾಡು ಸೇರಿತ್ತು. ಅವ್ವ ಸೆರಗು ಸರಿಪಡಿಸಿಕೊಳ್ಳುತ್ತಿದ್ದರು. ಎದುರಿಗೆ ಜೀಪಿನಿಂದ ಇಳಿದ ಅರಣ್ಯ ರಕ್ಷಕನೊಬ್ಬನು ರಸ್ತೆಯ ತುಂಬ ಬಿದ್ದಿದ್ದ ಕಬ್ಬಿನ ಸಿಪ್ಪೆಯನ್ನು ನೋಡುತ್ತಿದ್ದನು. ಕಾಡುಪ್ರಾಣಿಗೆ ತಿನಿಸು ಕೊಡುವುದು ಅಪರಾಧ, ದಂಡ ಕಟ್ಟಬೇಕು ಎಂದನು.

ಅಮೃತೇಶನಿಗೆ ಹೋದ ಜೀವ ಬಂದಿತು. ವ್ಯಾಪಾರಿಯ ನಾಲಗೆಯೂ ಬಂದಿತು. ತಾವು ಏನೂ ಕೊಟ್ಟಿಲ್ಲ, ಆನೆಯೇ ಕಿತ್ತುಕೊಂಡಿದೆ, ನ್ಯಾಯವಾಗಿ ದೂರು ಕೊಡಬೇಕಾದವರು ತಾವೇ ಎಂದು ಹರಿದ ಹಗ್ಗವನ್ನು ಹಿಡಿದು ತೋರಿಸಿದನು. ರಕ್ಷಕನು ಹಗ್ಗವನ್ನೂ ಒಣಗಾಜನ್ನು ಇನ್ನೂ ಒರೆಸುತ್ತಿದ್ದ ವೈಪರನ್ನೂ ನೋಡಿ, ಪಾಪವೆನಿಸಿ, ರಸೀದಿ ಪುಸ್ತಕವನ್ನು ಜೇಬಿಗಿಳಿಸತೊಡಗಿದನು.

"ಯಾಕ್ಲಾ ಸುಳ್ಳೇಳೀಯೆ?" ಎಂದರು ಮಂಗಳಮ್ಮ, ಹಿಂದಿನ ಸೀಟಿನಿಂದ. "ಕಬ್ಬ ಅದೇ ತಕ್ಕೊಂತು, ದಿಟ. ಬಾಳೆಅಣ್ಣ ನಾನೇ ಗಾಜು ಇಳಿಸಿ ಕೈಯಾರೆ ಕೊಟ್ಟೆ ಕಣಪ್ಪ. ಸಾಕ್ಷಾತ್ ಗಣಪ ಕೈ ನೀಡವ್ನೆ, ಇಲ್ಲ ಅನ್ನಕ್ಕಾಯ್ತದಾ?"

ಅರ್ಪಿತ ತಲೆಯ ಮೇಲೆ ಕೈಯಿಟ್ಟುಕೊಂಡಳು. ಮೂವರಿಗೆ ಸಫಾರಿ ಟಿಕೆಟ್ಟು ಕೊಂಡರೂ ಮಿಗುತ್ತಿದ್ದ ಹಣವನ್ನು ಅಮೃತೇಶನು ಎಣಿಸಿಕೊಟ್ಟನು.

"ರಸೀದಿ ಯಾರ ಹೆಸರಿಗೆ ಬರೀಲಿ ಸಾ?"

ಅವನು ಬಾಯಿ ತೆರೆಯುವ ಮೊದಲೇ ಮಂಗಳಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, ಭಕ್ತಿಯಿಂದ ಕೈ ಮುಗಿದು ಹೇಳಿದರು:

"ನನ್ನೆಸರಿಗೇ ಬರಿಯಪ್ಪ. ಮಂಗಳಮ್ಮ. ರೋಹಿಣಿ ನಕ್ಷತ್ರ, ವೃಷಭ ರಾಶಿ."