ಪ್ರಶ್ನೆಯೇ ಇಲ್ಲದ ಊರಿನಿಂದ ಮತಯಂತ್ರಕ್ಕೊಂದು ಅಹವಾಲು

ಒಹಾಯೊ ರಾಜ್ಯದ ಕಟ್ಲರ್ಸ್ ಬೆಂಡ್ ಊರಿನ ಶಾಲೆಯ ಆಟದ ಹಜಾರದಲ್ಲಿ, ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ, ಕಳೆದ ಮೇ ತಿಂಗಳ ಪ್ರಾಥಮಿಕ ಚುನಾವಣೆಯಂದು ಬೆಳಗಿನಿಂದ ಸಂಜೆಯವರೆಗೆ ಒಂಟಿಕಾಲಿನ ತಪಸ್ಸು ಮಾಡಿದ ಮತ ಎಣಿಸುವ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಆರೋಗ್ಯದಿಂದಿರುವಿರೆಂದು ನಂಬಿದ್ದೇನೆ. ಚುನಾವಣೆ ಮುಗಿದ ಮೇಲೆ ತಮ್ಮನ್ನು ಜಿಲ್ಲಾ ಕಚೇರಿಯ ಉಗ್ರಾಣಕ್ಕೆ ಕರೆದೊಯ್ದು, ಬೂದುಬಣ್ಣದ ಹೊದಿಕೆ ಹೊದಿಸಿ, ಬೀಗ ಹಾಕಿ ಮಲಗಿಸಿದ್ದಾರೆಂದು ತಿಳಿದು ಸಮಾಧಾನವಾಯಿತು. ಅಂದು ತಮಗೆ ದಣಿವಾಗಿರಲಾರದು. ನಮ್ಮೂರ ಜನ ತಮ್ಮ ಮೇಲಿನ ಕಾಳಜಿಯಿಂದಲೋ ಏನೋ, ಮುಕ್ಕಾಲು ಪಾಲು ಮಂದಿ ಮನೆ ಬಿಟ್ಟು ಕದಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಮ್ಮ ಹಸಿರು ದೀಪ ಮಿನುಗುವುದನ್ನು ನೋಡುತ್ತಾ ಕೂತ ನನಗೇ ಜೋಂಪು ಹತ್ತಿತ್ತು.

ನನ್ನ ಗುರುತು ತಮಗಿರಬೇಕು. ಬಾಗಿಲ ಬಳಿಯ ಮೇಜಿನ ಹಿಂದೆ ಕೂತು, ಮತದಾರರು ಗುರುತು ಹಾಕಿ ತಮ್ಮ ಬಾಯಿಗೆ ತುರುಕುವ ಮತದ ಚೀಟಿಗಳನ್ನು ಹಂಚುತ್ತಿದ್ದ ಲೊರೇನ್ ಪ್ರಿಚೆಟ್ ನಾನು. ಉಳಿದ ದಿನಗಳಲ್ಲಿ ಇದೇ ಶಾಲೆಯ ಹಳದಿ ಬಸ್ಸು ಓಡಿಸುತ್ತೇನೆ. ಶಾಲೆಗಾಗಿ ಮನೆ ತೆರಿಗೆಯನ್ನು ಒಂದಿಷ್ಟು ಏರಿಸಬಹುದೇ ಎಂಬ ಪ್ರಶ್ನೆಯನ್ನು ಅಂದು ಊರಿನ ಮುಂದಿಟ್ಟಿದ್ದರು. ಊರು ಬೇಡವೆಂದರೆ ಪ್ರೌಢಶಾಲೆಯ ಮಕ್ಕಳಿಗೆ ಬಸ್ಸು ನಿಲ್ಲುತ್ತದೆ, ಚಿಕ್ಕವರಿಗಷ್ಟೇ ಓಡುತ್ತದೆ ಎಂದು ಶಾಲೆಯವರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದರು. ಅಂದಮೇಲೆ ಅಂದು ತಮ್ಮ ಬಾಯಿಗೆ ಬೀಳಬೇಕಾಗಿದ್ದುದು ಬರೀ ಕಾಗದವಲ್ಲ, ನನ್ನ ಬಸ್ಸು.

ನನ್ನ ದೂರು ಇಷ್ಟೇ: ತಾವು ಬಾಯಿಗೆ ಬಿದ್ದದ್ದನ್ನು ಮಾತ್ರ ಎಣಿಸಿದಿರಿ. ಕಿವಿಗೆ ಬೀಳಬೇಕಾದದ್ದನ್ನು ಎಣಿಸಲೇ ಇಲ್ಲ.

ನಮ್ಮೂರಿನವರಿಗೆ ಶಾಲೆಯ ಚಿಂತೆ ಇಲ್ಲವೆಂದು ದಯವಿಟ್ಟು ತಿಳಿಯಬೇಡಿ. ಏಪ್ರಿಲ್ ತಿಂಗಳಲ್ಲಿ ಇದೇ ಹಜಾರದಲ್ಲಿ ಚರ್ಚಾಸಭೆ ನಡೆದಾಗ ಕುರ್ಚಿ ಸಾಲದೆ ಚರ್ಚಿನಿಂದ ಹೊರಿಸಿಕೊಂಡು ಬಂದರು. ಮಕ್ಕಳಿಲ್ಲದವರು ಯಾಕೆ ಕೊಡಬೇಕೆಂದು ಒಬ್ಬರು ಎದ್ದು ನಿಂತರೆ, ಸರ್ಕಾರಿ ಲಾಟರಿಯ ದುಡ್ಡೆಲ್ಲ ಶಾಲೆಗೇ ಎಂದು ಹೇಳಿದ್ದರಲ್ಲ ಅದೆಲ್ಲಿ ಹೋಯಿತೆಂದು ಇನ್ನೊಬ್ಬರು ಮೇಜು ಗುದ್ದಿದರು. ಫುಟ್‌ಬಾಲ್ ಮೈದಾನಕ್ಕೆ ಹೊಸ ಅಂಕಫಲಕ ತರಲು ಆಗುತ್ತದೆ, ಬಸ್ಸಿಗೆ ಆಗುವುದಿಲ್ಲವೇ ಎಂದು ಕೇಳಿದವರಿಗೆ ಅದು ದಾನ ಬಂದದ್ದು ಎಂದು ಹೇಳಿ ಹೇಳಿ ಮುಖ್ಯೋಪಾಧ್ಯಾಯರ ಗಂಟಲು ಬಿದ್ದುಹೋಯಿತು. ಊರಿನ ನಲ್ಲಿ ರಿಪೇರಿಯ ಆರ್ವಿಲ್ ಹಾಫರ್ ಅಂತೂ, "ನನ್ನಿಬ್ರು ಹುಡುಗ್ರು ಬಸ್ಸಲ್ಲೇ ಹೋಗೋದು. ನಿಲ್ಸಿ ನೋಡಿ, ಸುಮ್ನೆ ಬಿಟ್ಬಿಡ್ತೀನಾ ನಾನು!" ಎಂದು ತೋಳೇರಿಸಿದಾಗ ಬಿದ್ದ ಚಪ್ಪಾಳೆಗೆ ಕಿಟಕಿಯ ಗಾಜು ನಡುಗಿದ್ದನ್ನು ನಾನೇ ಕಂಡಿದ್ದೇನೆ. ಆ ಚಪ್ಪಾಳೆಯನ್ನು ತಾವು ಯಾವ ಲೆಕ್ಕಕ್ಕೂ ಹಿಡಿಯದಿದ್ದುದು ನಮಗೆಲ್ಲ ಬಹಳ ಬೇಸರ ತಂದಿದೆ.

ಚುನಾವಣೆಯ ದಿನ ಅದೇ ಆರ್ವಿಲ್ ಬಂದ. ಬಂದದ್ದು ನಿಜ, ಅಷ್ಟನ್ನು ಒಪ್ಪಲೇಬೇಕು. ಪಕ್ಷಗಳು ತಮ್ಮ ತಮ್ಮ ಹುರಿಯಾಳುಗಳನ್ನು ಆರಿಸಿಕೊಳ್ಳುವ ಚುನಾವಣೆಯಾದ್ದರಿಂದ, ಯಾವ ಪಕ್ಷದ ಚೀಟಿ ಬೇಕೆಂದು ನಾನು ಎಲ್ಲರ ಎದುರಿಗೇ ಕೇಳಬೇಕು, ಅವರು ಬಾಯಿಬಿಟ್ಟು ಹೇಳಬೇಕು. ಅವನು ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಅವನಿಗೆ ಕೆಲಸ ಕೊಡುವ ಎರಡು ಮನೆಯವರು ನಿಂತಿದ್ದರು, ಇಬ್ಬರೂ ಎದುರುಬದುರು ಪಕ್ಷದವರು. ಪಕ್ಷದ ಹೆಸರು ಬಾಯಿಂದ ಬಿತ್ತೆಂದರೆ ಅರ್ಧ ಊರಿನ ನಲ್ಲಿಗಳು ಅವನ ಕೈತಪ್ಪುತ್ತವೆ. ಶಾಲೆಯ ಪ್ರಶ್ನೆ ಎರಡೂ ಪಕ್ಷದ ಚೀಟಿಗಳ ಕೊನೆಯಲ್ಲಿತ್ತು; ಪಕ್ಷ ಬೇಡವೆನ್ನುವವರಿಗೆಂದೇ ಆ ಪ್ರಶ್ನೆಯೊಂದೇ ಇರುವ ಮೂರನೆಯ ಚೀಟಿಯನ್ನು ಇಟ್ಟಿದ್ದೆವು. ಅದರ ಹೆಸರೇ ಪ್ರಶ್ನೆ ಚೀಟಿ. "ಹಾಗಾದ್ರೆ ಬರೀ ಪ್ರಶ್ನೆ ಚೀಟಿ ಕೊಡ್ಲಾ?" ಎಂದೆ. ಅವನು ಎರಡೂ ಕೈ ಎತ್ತಿ, "ಅಯ್ಯೋ, ನಂದೇನೂ ಪ್ರಶ್ನೆ ಇಲ್ಲ ಲೊರೇನಕ್ಕ, ಯಾರನ್ನೂ ಏನೂ ಕೇಳಲ್ಲಪ್ಪ ನಾನು" ಎಂದು ಹೇಳಿ, ಹಿಂದಿದ್ದವರಿಬ್ಬರಿಗೂ ಸಮನಾಗಿ ನಗು ಹಂಚಿ ಹೊರಟುಹೋದ.

ಬಿಡಿಸಿ ಹೇಳಬಾರದಿತ್ತೇ ಎಂದು ತಾವು ಕೇಳಬಹುದು. ಬಸ್ಸಿನವಳು ಬಸ್ಸಿನ ಪರ ಮಾತಾಡಿದಳೆಂಬ ಮಾತು ಬರಬಾರದು, ನಿಯಮದ ಹಾಳೆಯಲ್ಲಿ ಅಚ್ಚಾದ ವಾಕ್ಯವನ್ನು ಬಿಟ್ಟು ಒಂದಕ್ಷರ ಆಡಕೂಡದು ಎಂದು ನಮ್ಮ ಮೇಲಧಿಕಾರಿಗಳು ಬೆಳಿಗ್ಗೆಯೇ ನನ್ನಿಂದ ಪ್ರಮಾಣ ಮಾಡಿಸಿದ್ದರು. ನಾಲಿಗೆ ಬಿಗಿಹಿಡಿದು ಕೂತೆ. ತಮಗಾದರೋ ನಾಲಿಗೆಯೇ ಇಲ್ಲ, ಪುಣ್ಯವಂತರು.

ಊಟದ ಹೊತ್ತಿಗೆ ನನ್ನ ಯಜಮಾನರು, ವರ್ನನ್ ಪ್ರಿಚೆಟ್ಟರು, ಸ್ಯಾಂಡ್‌ವಿಚ್ ತಂದುಕೊಟ್ಟರು. ನಿಯಮದ ಪ್ರಕಾರ ನಾನು ಅವರನ್ನೂ "ತಾವು ಯಾವ ಪಕ್ಷದ ಚೀಟಿ ಬಯಸುತ್ತೀರಿ?" ಎಂದು ಕೇಳಿದೆ. "ಮದುವೆ ಆದಾಗಿಂದ ಮನೇಲೇ ಹೇಳಿಲ್ಲ, ಇಲ್ಲಿ ಹೇಳ್ತೀನಾ?" ಎಂದರು. ಪ್ರಶ್ನೆ ಚೀಟಿ ಕೊಡಲೇ ಎಂದೆ. "ಪ್ರಶ್ನೆಪತ್ರಿಕೆ ಅಂದ್ರೆ ಇದೇ ಸ್ಕೂಲಲ್ಲಿ ಕೈಕಾಲು ನಡುಗ್ತಿತ್ತು ಕಣೇ. ಈ ವಯಸ್ಸಲ್ಲಿ ಮತ್ತೆ ಪರೀಕ್ಷೆಗೆ ಕೂರಿಸ್ತೀಯಾ?" ಎಂದು ತಮ್ಮ ಹಾಸ್ಯಕ್ಕೆ ತಾವೇ ನಕ್ಕು, 'ನಾನು ಮತ ಹಾಕಿದೆ' ಎಂಬ ಅಂಟುಚೀಟಿಯೊಂದನ್ನು ಮೇಜಿನಿಂದ ಎತ್ತಿ ಟೋಪಿಗೆ ಅಂಟಿಸಿಕೊಂಡರು. ಅದನ್ನು ತೋರಿಸಿದವರಿಗೆ ಅಂದು ಹೋಟೆಲಿನಲ್ಲಿ ಕಾಫಿ ಪುಕ್ಕಟೆಯಂತೆ. ಆ ಟೋಪಿಯನ್ನೇ ಕಿತ್ತುಕೊಳ್ಳಬೇಕೆನ್ನಿಸಿತು ನನಗೆ. ಆದರೂ ಪ್ರಮಾಣ ಪ್ರಮಾಣವೇ.

ಆಸೆಯಿಂದ ಬಂದವಳು ಒಬ್ಬಳಿದ್ದಳು. ಡೆಲ್ಲಾ ಮೇಬ್ರಿ, ನನ್ನ ಬಸ್ಸಿನ ಕಟ್ಟಕಡೆಯ ನಿಲ್ದಾಣದ ಹುಡುಗಿ. ತಾಯಿಗೆ ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ, ಇರುವ ಒಂದು ಕಾರು ಮನೆ ಸೇರುವಷ್ಟರಲ್ಲಿ ಶಾಲೆಯ ಗಂಟೆ ಹೊಡೆದಿರುತ್ತದೆ, ಹಾಗಾಗಿ ಬಸ್ಸಿಲ್ಲದೆ ಅವಳಿಗೆ ದಾರಿಯಿಲ್ಲ. ಅವಳು ಬಂದವಳೇ ಅಂಜದೆ, "ಪ್ರಶ್ನೆ ಚೀಟಿ ಕೊಡಿ ಆಂಟಿ" ಎಂದಳು. ಆ ಬಾಗಿಲು ದಾಟಿ ಬಂದವರಲ್ಲಿ ಅದನ್ನು ಹೆಸರು ಹಿಡಿದು ಕೇಳಿದವಳು ಅವಳೊಬ್ಬಳೇ. ಆದರೆ ಅವಳಿಗಿನ್ನೂ ಹದಿನೇಳು. ನವೆಂಬರ್ ಹೊತ್ತಿಗೆ ಹದಿನೆಂಟು ತುಂಬುವವರು ಪಕ್ಷದ ಹುರಿಯಾಳನ್ನು ಈಗಲೇ ಆರಿಸಬಹುದು, ಪ್ರಶ್ನೆಗೆ ಮಾತ್ರ ಉತ್ತರಿಸುವಂತಿಲ್ಲ. ಇದು ನಮ್ಮ ಒಹಾಯೊದ ಕಾನೂನು. ರಾಜ್ಯ ಆಳುವವರನ್ನು ಆರಿಸುವಷ್ಟು ಬುದ್ಧಿ ಬಂದಿರುತ್ತದಂತೆ, ತನ್ನ ಬಸ್ಸು ಬೇಕೋ ಬೇಡವೋ ಎನ್ನುವಷ್ಟು ಬಂದಿರುವುದಿಲ್ಲವಂತೆ. "ಹೋಗೋದು ನಾನಲ್ವಾ ಆಂಟಿ ಬಸ್ಸಲ್ಲಿ?" ಎಂದು ಕೇಳಿದಳು. ನಾನು ಅಚ್ಚಾದ ವಾಕ್ಯವನ್ನು ಓದಿ ಹೇಳಿದೆ. ಪ್ರಶ್ನೆ ಇದ್ದವಳಿಗೆ ಚೀಟಿ ಸಿಗಲಿಲ್ಲ, ಚೀಟಿ ಸಿಗುವವರಿಗೆ ಪ್ರಶ್ನೆ ಇರಲಿಲ್ಲ.

ಸಂಜೆ ತಾವು ಉದ್ದನೆಯ ಕಾಗದ ಹೊರಹಾಕಿದಿರಿ. ಬೇಕು ಎಂದವರೂ ಬೇಡ ಎಂದವರೂ ಸರಿಸಮ. ಸಮವಾದರೆ ಸೋತಂತೆಯೇ. ಮತ್ತೊಮ್ಮೆ ಎಣಿಕೆ ಮಾಡಿಸಿದರು, ತಾವು ಒಂದಿಷ್ಟೂ ನಾಚದೆ ಅದನ್ನೇ ಹೇಳಿದಿರಿ. ಒಂದು ಸುಳ್ಳು, ಒಂದೇ ಒಂದು ಚಿಕ್ಕ ಸುಳ್ಳು ಹೇಳಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು? ಮರುದಿನ ಹೋಟೆಲಿನಲ್ಲಿ ಊರಿಗೆ ಊರೇ ತಮ್ಮ ಮೇಲೆ ಹರಿಹಾಯ್ದಿತು. "ಒಂದು ಓಟಲ್ಲಿ ಹೋಯ್ತಲ್ಲ! ಯಾವನಪ್ಪ ಆ ಪುಣ್ಯಾತ್ಮ, ಮನೇಲಿ ಕೂತವನು?" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ಆರ್ವಿಲ್. ಪಕ್ಕದಲ್ಲಿದ್ದ ನಮ್ಮ ಯಜಮಾನರು ಹೌದೌದೆಂದು ತಲೆಯಾಡಿಸಿದರು, ಟೋಪಿಯ ಮೇಲಿನ ಅಂಟುಚೀಟಿ ಸಮೇತ.

ಈಗ ಸೆಪ್ಟೆಂಬರ್. ಚುನಾವಣೆಯಂದು ನಾಲ್ಕನೆಯವರಿಲ್ಲದ ಸಾಲು ಈಗ ದಿನಾ ಬೆಳಿಗ್ಗೆ ಶಾಲೆಯ ಗೇಟಿನಿಂದ ಪೆಟ್ರೋಲ್ ಬಂಕಿನವರೆಗೆ ಬೆಳೆದಿರುತ್ತದೆ. ಅಂದು ಬಿಡುವಿಲ್ಲದಿದ್ದವರೆಲ್ಲ ಕಾರು ಹಿಡಿದು, ಮಕ್ಕಳನ್ನು ಕೂರಿಸಿಕೊಂಡು, ಹಾರ್ನ್ ಬಾರಿಸುತ್ತಾ ಕಾಯುತ್ತಾರೆ. ಆರ್ವಿಲ್ಲನ ವ್ಯಾನು ತಪ್ಪದೆ ಇರುತ್ತದೆ. ಆದ್ದರಿಂದ ನನ್ನ ಮೊದಲ ವಿನಂತಿ: ತಾವು ಉಗ್ರಾಣ ಬಿಟ್ಟು ಆ ಗೇಟಿಗೆ ಬಂದು ನಿಲ್ಲಬೇಕು. ಮತದಾರರು ತಾವಾಗಿಯೇ ಸರತಿಯಲ್ಲಿ ಬಂದು ಕಿಟಕಿ ಇಳಿಸುತ್ತಾರೆ, ಯಾವ ಪ್ರಚಾರವೂ ಬೇಡ. ಅದಾಗದಿದ್ದರೆ ಶುಕ್ರವಾರದ ಪಂದ್ಯದ ಹೊತ್ತಿಗೆ ಫುಟ್‌ಬಾಲ್ ಮೈದಾನದಲ್ಲಿ, ಪಾಪ್‌ಕಾರ್ನ್ ಮಾರುವವರ ಪಕ್ಕ ಬಾಯಿ ತೆರೆದುಕೊಂಡು ನಿಂತರೂ ಆದೀತು. ಅಲ್ಲಿಗೆ ಕಾಯಿಲೆಯವರೂ ತಪ್ಪಿಸುವುದಿಲ್ಲ. ಅದೂ ಆಗದಿದ್ದರೆ ಮುಂದಿನ ಸಲ ಚಪ್ಪಾಳೆ, ನಿಟ್ಟುಸಿರು, ಹೋಟೆಲಿನ ಕೂಗಾಟ ಇವುಗಳನ್ನೂ ಮತವೆಂದೇ ಎಣಿಸುವ ಕಿವಿಯೊಂದನ್ನು ದಯಮಾಡಿ ಇಡಿಸಿಕೊಂಡು ಬನ್ನಿ.

ಆ ಸಾಲಿನಲ್ಲಿ ಡೆಲ್ಲಾ ಇರುವುದಿಲ್ಲ. ಅವಳಿಗೆ ಕಾರಿಲ್ಲ. ಕಾಲುದಾರಿ ಇಲ್ಲದ ಹೆದ್ದಾರಿಯ ಅಂಚಿನಲ್ಲಿ, ಲಾರಿಗಳು ಸರಿದಾಗಲೆಲ್ಲ ಹುಲ್ಲಿಗಿಳಿದು, ಚೀಲ ಬೆನ್ನಿಗೇರಿಸಿ ನಡೆದು ಹೋಗುತ್ತಾಳೆ. ನಾನು ಚಿಕ್ಕ ಮಕ್ಕಳನ್ನು ಹತ್ತಿಸಿಕೊಂಡು ಅದೇ ದಾರಿಯಲ್ಲಿ ಬರುತ್ತೇನೆ. ಹಿಂದಿನ ಸೀಟುಗಳೆಲ್ಲ ಖಾಲಿ. ಪ್ರೌಢಶಾಲೆಯವರಿಗೆ ಬಾಗಿಲು ತೆರೆದರೆ ನನ್ನ ಕೆಲಸ ಹೋಗುತ್ತದೆಂದು ಬರವಣಿಗೆಯಲ್ಲೇ ಕೊಟ್ಟಿದ್ದಾರೆ. ಅವಳು ಕೈಯೆತ್ತುತ್ತಾಳೆ, ನಿಲ್ಲಿಸೆಂದಲ್ಲ, ಸುಮ್ಮನೆ ನಮಸ್ಕಾರಕ್ಕೆ. ಚಿಕ್ಕ ಮಕ್ಕಳು ಕಿಟಕಿಯಿಂದ ಕೈ ಬೀಸುತ್ತವೆ. ನಾನು ಕಣ್ಣೊರೆಸಿಕೊಂಡು ಗೇರು ಬದಲಿಸುತ್ತೇನೆ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ, ಅದಕ್ಕೇ ತಮಗೆ ಬರೆದೆ.

ನವೆಂಬರಿನಲ್ಲಿ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಆ ಹೊತ್ತಿಗೆ ಡೆಲ್ಲಾಳಿಗೆ ಹದಿನೆಂಟು ತುಂಬಿರುತ್ತದೆ. ತಮ್ಮ ಹಸಿರು ದೀಪ ಹೊತ್ತಿದ ಕೂಡಲೇ ಬಾಯಿಗೆ ಬೀಳುವ ಮೊದಲ ಚೀಟಿ ಅವಳದೇ ಆಗಿರುತ್ತದೆ. ಸ್ವಲ್ಪ ತಡವಾದರೆ ಮನ್ನಿಸಿ, ನಡೆದು ಬರಬೇಕಲ್ಲ.

ತಮ್ಮ ಬಾಯಿಯ ಮೇಲೆ ಇನ್ನೂ ವಿಶ್ವಾಸವಿಟ್ಟಿರುವ, ತಮ್ಮ ವಿಶ್ವಾಸಿ,
ಲೊರೇನ್ ಪ್ರಿಚೆಟ್
(ಅರ್ಧ ಬಸ್ಸಿನ ಪೂರ್ಣ ಚಾಲಕಿ)

ತಾ.ಕ.: ನಿನ್ನೆ ನಮ್ಮ ಯಜಮಾನರು ಪೇಟೆಯಿಂದ ಬರುತ್ತಾ ಆ ಹುಡುಗಿಯನ್ನು ಮಳೆಯಲ್ಲಿ ಕಂಡರಂತೆ. ಟೋಪಿ ಕಳಚಿ ಮೇಜಿನ ಮೇಲಿಟ್ಟು, ನನ್ನ ಮೇಲೇ ರೇಗಿ, "ಅಲ್ಲ ಕಣೇ, ಅಷ್ಟು ಖಾಲಿ ಸೀಟಿಟ್ಕೊಂಡು ಆ ಮಗೂನ ಯಾಕೆ ನಡೆಸ್ತಿದೀರಿ ನೀವೆಲ್ಲಾ?" ಎಂದು ಕೇಳಿದರು. ಆ ಅಂಟುಚೀಟಿ ಇನ್ನೂ ಟೋಪಿಯ ಮೇಲೇ ಇತ್ತು. "ನೋಡಿ, ಇದೇ ಪ್ರಶ್ನೆ. ಮೇ ತಿಂಗಳಲ್ಲಿ ಕೊಡಲಾ ಅಂದಿದ್ದೆ, ಬೇಡ ಅಂದ್ರಿ" ಎಂದೆ.